ಗೆಡ್ಡೆ ಕೊಳೆಯಿತೇ? ಒತ್ತಿ ನೋಡಿ, ಮೂಸಿ ನೋಡಿ

ಎಲೆ ಬಾಡಿತು ಅಂದ ಕೂಡಲೇ ನಾವು ಹೆಂಗಸರು ಮಾಡುವ ಮೊದಲ ಕೆಲಸ ಯಾವುದು ಹೇಳಿ? ಒಂದು ಚೊಂಬು ನೀರು ತಂದು ಸುರಿಯೋದು! ಗುಲಾಬಿಗೋ ದಾಸವಾಳಕ್ಕೋ ಅದು ಸರಿ ಇರಬಹುದು. ಆದರೆ ಡೇರೆ, ಗ್ಲ್ಯಾಡಿಯೋಲಸ್, ಸುಗಂಧರಾಜ, ಲಿಲ್ಲಿ, ಕೆಲಾಡಿಯಂನಂಥ ಗೆಡ್ಡೆ ಗಿಡಗಳ ವಿಷಯದಲ್ಲಿ ಆ ಒಂದು ಚೊಂಬು ನೀರೇ ಕೊನೆಯ ಗುಟುಕಾದೀತು. ಗೆಡ್ಡೆ ಕೊಳೆತಾಗ ಅದರ ಬೇರೂ ಸಾಯುತ್ತದೆ. ಬೇರು ಸತ್ತ ಮೇಲೆ ಕುಂಡದಲ್ಲಿ ಎಷ್ಟು ನೀರಿದ್ದರೇನು, ಮೇಲಿನ ಎಲೆಗೆ ಒಂದು ಹನಿಯೂ ತಲುಪದು. ಹಾಗಾಗಿ ಒದ್ದೆ ಮಣ್ಣಿನಲ್ಲೇ ನಿಂತಿರುವ ಗಿಡ ಬಾಯಾರಿದ ಗಿಡದ ಹಾಗೆ ಜೋಲು ಮುಖ ಹಾಕಿಕೊಂಡಿರುತ್ತದೆ. ನಾವು ಪಾಪ ಅಂತ ಮತ್ತಷ್ಟು ನೀರು ಹಾಕುತ್ತೇವೆ. ವಾರ ಕಳೆಯುವಷ್ಟರಲ್ಲಿ ಗಿಡ ಕೈಗೇ ಕಿತ್ತು ಬರುತ್ತದೆ, ಗೆಡ್ಡೆ ಮಾತ್ರ ಮಣ್ಣಲ್ಲೇ ಉಳಿದಿರುತ್ತದೆ.

ಹೋದರೆ ಹೋಯಿತು, ಇನ್ನೊಂದು ತಂದರಾಯಿತು ಅನ್ನೋಣವೇ? ಎಲ್ಲ ಗೆಡ್ಡೆಗೂ ಆ ಮಾತು ಹೊಂದುವುದಿಲ್ಲ. ಡೇರೆ ಬೀಜ ಹಾಕಿ ಸಸಿ ಮಾಡಿದರೆ ತಾಯಿಗಿಡದ ಬಣ್ಣವೇ ಬರುತ್ತದೆಂಬ ಖಾತ್ರಿಯಿಲ್ಲ. ಅದೇ ಬಣ್ಣ, ಅದೇ ದಳದ ಸುರುಳಿ ಬೇಕೆಂದರೆ ಅದೇ ಗೆಡ್ಡೆ ಬೇಕು, ಇಲ್ಲವೇ ಅದರದ್ದೇ ಹಿಳ್ಳು ಬೇಕು. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯ ಅಂಗಳಗಳಲ್ಲಿ 'ಈ ಬಿಳಿ ನಮ್ಮ ದೊಡ್ಡಮ್ಮನ ಮನೇದು, ಈ ಕೇಸರಿ ಅತ್ತಿಗೆ ಕೊಟ್ಟದ್ದು' ಅಂತ ಪ್ರತಿ ಡೇರೆಗೂ ಒಂದು ನೆಂಟಸ್ತಿಕೆ ಹೇಳುವವರಿದ್ದಾರೆ. ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಗೆಡ್ಡೆಯನ್ನು ಎಷ್ಟೋ ಮಳೆಗಾಲ ಉಳಿಸಿಕೊಂಡು ಬಂದವರು ಅವರು. ಕೊಟ್ಟ ದೊಡ್ಡಮ್ಮ ಇಲ್ಲವಾಗಿರಬಹುದು, ಆ ಅಂಗಳವೂ ಈಗ ಇಲ್ಲದಿರಬಹುದು. ಅಂಥದ್ದು ಕೊಳೆತರೆ ದುಡ್ಡು ಕೊಟ್ಟರೂ ಆ ಬಣ್ಣ ಸಿಗದು.

ಆದ್ದರಿಂದಲೇ ಈ ಮಾತು: ಗೆಡ್ಡೆ ಗಿಡ ಸೊರಗಿದರೆ ನೀರೂ ಬೇಡ, ಗೊಬ್ಬರವೂ ಬೇಡ, ಅಂಗಡಿಗೆ ಓಡಿ ಔಷಧಿ ತರುವುದೂ ಬೇಡ. ಮೊದಲು ಒಂದು ಗೆಡ್ಡೆಯನ್ನು ಮೆಲ್ಲಗೆ ಎಬ್ಬಿಸಿ ಕಣ್ಣು, ಹೆಬ್ಬೆರಳು, ಮೂಗು ಮೂರನ್ನೂ ಬಳಸಿ ನೋಡಿ. ಕೊಳೆ ಎಂಬ ಒಂದೇ ಹೆಸರಿನಲ್ಲಿ ಬರುವುದು ನಾಲ್ಕಾರು ಬೇರೆ ಬೇರೆ ರೋಗ. ಯಾವುದರಲ್ಲಿ ಗೆಡ್ಡೆ ಉಳಿಸಬಹುದು, ಯಾವುದರಲ್ಲಿ ಎಸೆಯಬೇಕು, ಯಾವುದರಲ್ಲಿ ಮಣ್ಣನ್ನೂ ಬದಲಿಸಬೇಕು ಅನ್ನುವುದು ಅದು ಯಾವ ಕೊಳೆ ಅನ್ನುವುದರ ಮೇಲೆ ನಿಂತಿದೆ.

ಅಡುಗೆಮನೆಯಲ್ಲೇ ಇದೆ ಪಾಠ

ಗೆಡ್ಡೆಗಳೆಲ್ಲ ಒಂದೇ ಜಾತಿಯಲ್ಲ. ನಿಮ್ಮ ತರಕಾರಿ ಬುಟ್ಟಿಯನ್ನೇ ನೆನೆಸಿಕೊಳ್ಳಿ. ಅಮರಿಲ್ಲಿಸ್, ಸುಗಂಧರಾಜ, ಮಳೆ ಲಿಲ್ಲಿ, ಫುಟ್‌ಬಾಲ್ ಲಿಲ್ಲಿ ಇವೆಲ್ಲ ಈರುಳ್ಳಿಯ ಬಳಗ, ಪದರ ಪದರವಾಗಿರುತ್ತವೆ. ಗ್ಲ್ಯಾಡಿಯೋಲಸ್ ಗೆಡ್ಡೆ ಹೊರಗಿನಿಂದ ಈರುಳ್ಳಿಯ ಹಾಗೆ ಸಿಪ್ಪೆ ಹೊದ್ದುಕೊಂಡಿದ್ದರೂ ಕತ್ತರಿಸಿದರೆ ಒಳಗೆ ಕೆಸುವಿನ ಗೆಡ್ಡೆಯ ಹಾಗೆ ಒಂದೇ ಗಟ್ಟಿ. ಕೆಲಾಡಿಯಂ ಅಂತೂ ಕೆಸುವಿನ ನೆಂಟನೇ. ಡೇರೆ ಸಿಹಿಗೆಣಸಿನ ಗೊಂಚಲಿನಂತೆ, ಕಾಬಾಳೆ ಶುಂಠಿಯಂತೆ.

ಈ ಹೋಲಿಕೆ ಸುಮ್ಮನೆ ಹೇಳಿದ್ದಲ್ಲ. ಈರುಳ್ಳಿ ಜಾತಿಯಲ್ಲಿ ಕೊಳೆ ಬುಡದ ತಟ್ಟೆಯಿಂದ, ಅಂದರೆ ಬೇರು ಹೊರಡುವ ಜಾಗದಿಂದ ಪದರಗಳೊಳಗೆ ಹತ್ತುತ್ತದೆ. ಹೊರಗಿನ ಎರಡು ಪದರ ನೋಡಲು ಚೆನ್ನಾಗಿಯೇ ಇರುತ್ತದೆ. ಮೇಲೆ ಥಳಥಳ, ಒಳಗೆ ಲೋಳೆ ಇರುವ ಈರುಳ್ಳಿ ಹೆಚ್ಚಿ ಎಷ್ಟು ಸಲ ಬೈದುಕೊಂಡಿಲ್ಲ ನಾವು! ಬುಡದ ತಟ್ಟೆ ಪೂರ್ತಿ ಕೊಳೆತ ಈರುಳ್ಳಿ ಜಾತಿಯ ಗೆಡ್ಡೆ ಮತ್ತೆ ಬೇರು ಬಿಡುವುದು ಕಷ್ಟ. ಗಟ್ಟಿ ಗೆಡ್ಡೆಗಳಲ್ಲಿ ಹಾಗಲ್ಲ. ಕೆಸು, ಶುಂಠಿ ಹೆಚ್ಚುವಾಗ ಕೆಟ್ಟ ಭಾಗ ಕೆತ್ತಿ ಉಳಿದದ್ದನ್ನು ಬಳಸುತ್ತೇವಲ್ಲ, ಹಾಗೆ ಕೆಲಾಡಿಯಂ, ಕಾಬಾಳೆಗಳಲ್ಲಿ ಒಳ್ಳೆಯ ಕಣ್ಣಿರುವ ತುಂಡನ್ನು ಉಳಿಸಿಕೊಳ್ಳಲು ಅವಕಾಶವಿದೆ.

ಇದು ರೋಗವಲ್ಲ, ನಿದ್ದೆ!

ರೋಗದ ಮಾತಿಗೆ ಮೊದಲು ಇದನ್ನು ಹೇಳಲೇಬೇಕು. ಯಾಕೆಂದರೆ ರೋಗವಿಲ್ಲದೆಯೂ ತಿಪ್ಪೆ ಸೇರುವ ಗೆಡ್ಡೆಗಳ ಲೆಕ್ಕ ಸಣ್ಣದಲ್ಲ. ಹೂ ಬಿಟ್ಟು ಮುಗಿದ ಮೇಲೆ ಗ್ಲ್ಯಾಡಿಯೋಲಸ್ ಎಲೆ ಹಳದಿಯಾಗಿ ಒಣಗುವುದು ಸಹಜ. ಚಳಿಗಾಲ ಬಂತೆಂದರೆ ಫುಟ್‌ಬಾಲ್ ಲಿಲ್ಲಿಯೂ ಕೆಲಾಡಿಯಮ್ಮೂ ಎಲೆ ಕಳಚಿ ಮಲಗುತ್ತವೆ. ಮಳೆಗಾಲದುದ್ದಕ್ಕೂ ಮೆರೆದ ಡೇರೆ ದೀಪಾವಳಿ ಕಳೆಯುತ್ತಲೇ ಸೊರಗತೊಡಗುತ್ತದೆ. ನಿದ್ದೆಗೆ ಹೋಗುವ ಗಿಡದ ಎಲೆ ತುದಿಯಿಂದ ಶುರುವಾಗಿ ನಿಧಾನವಾಗಿ, ಎಲ್ಲ ಎಲೆಗಳಲ್ಲೂ ಹೆಚ್ಚುಕಡಿಮೆ ಒಂದೇ ಸಮನಾಗಿ ಹಣ್ಣಾಗುತ್ತದೆ. ಎಬ್ಬಿಸಿ ನೋಡಿದರೆ ಗೆಡ್ಡೆ ಕಲ್ಲಿನ ಹಾಗಿರುತ್ತದೆ. ಗಿಡ ಇನ್ನೂ ಮೊಗ್ಗು ಹಿಡಿಯುವ ಮೊದಲೇ, ಅದೂ ಒಂದು ಬದಿಯ ಎಲೆ ಮಾತ್ರ ಹಳದಿಯಾದರೆ ಅನುಮಾನ ಪಡಿ.

ಗ್ಲ್ಯಾಡಿಯೋಲಸ್ ಬೆಳೆಸುವವರು ಇನ್ನೊಂದು ವಿಷಯ ತಿಳಿದಿರಬೇಕು. ನಾವು ನೆಟ್ಟ ಗೆಡ್ಡೆ ಆ ಸಲದ ಗಿಡವನ್ನು ಬೆಳೆಸಿ ತಾನು ಬತ್ತಿಹೋಗುತ್ತದೆ. ಅದರ ತಲೆಯ ಮೇಲೆ ಹೊಸ ಗೆಡ್ಡೆ ಕೂತಿರುತ್ತದೆ, ಸುತ್ತ ಮಣಿಗಳ ಹಾಗೆ ಮರಿಗೆಡ್ಡೆಗಳು. ಕಿತ್ತಾಗ ಅಡಿಯಲ್ಲಿ ಕಂದು ಬಣ್ಣದ, ಸುಕ್ಕುಗಟ್ಟಿದ, ಬಿಸ್ಕತ್ತಿನ ಹಾಗೆ ಕಾಣುವ ತುಂಡೊಂದು ಅಂಟಿಕೊಂಡಿರುತ್ತದಲ್ಲ, ಅದೇ ಆ ಹಳೇ ತಾಯಿಗೆಡ್ಡೆ. ಅದು ಕೊಳೆಯಲ್ಲ. ಒಣಗಿದ ಮೇಲೆ ಬೆರಳಲ್ಲಿ ತಿರುಚಿದರೆ ಲಟ್ಟನೆ ಬಿಟ್ಟುಕೊಳ್ಳುತ್ತದೆ. ಬಿಟ್ಟ ಜಾಗ ಚೊಕ್ಕಟವಾಗಿದ್ದರೆ ಮೇಲಿನ ಗೆಡ್ಡೆ ಆರೋಗ್ಯವಾಗಿದೆ ಅಂತಲೇ ಅರ್ಥ.

ಪರೀಕ್ಷೆ ಹೇಗೆ?

ನೀರು ಹಾಕದ ದಿನ, ಮಣ್ಣು ಸ್ವಲ್ಪ ಆರಿದಾಗ ಗಿಡದಿಂದ ಒಂದು ಗೇಣು ದೂರದಲ್ಲಿ ಕೋಲೋ ಸಣ್ಣ ಗುದ್ದಲಿಯೋ ಹಾಕಿ ಎಬ್ಬಿಸಿ. ಎಳೆಯಬೇಡಿ, ಎಳೆದರೆ ಕತ್ತೇ ಮುರಿಯುತ್ತದೆ. ಮಣ್ಣು ಕೊಡವುವಾಗಲೇ ಗೆಡ್ಡೆಯ ಸುತ್ತ ಬಿಳಿ ನೂಲಿನಂಥದ್ದೋ ಸಣ್ಣ ಕಾಳಿನಂಥದ್ದೋ ಇದೆಯೇ ನೋಡಿಕೊಳ್ಳಿ, ತೊಳೆದ ಮೇಲೆ ಆ ಸಾಕ್ಷಿ ಸಿಗದು. ಆಮೇಲೆ ತೊಳೆದು, ಬುಡದ ತಟ್ಟೆಯನ್ನು ಹೆಬ್ಬೆರಳಿಂದ ಒತ್ತಿ. ಒಳ್ಳೆಯ ಗೆಡ್ಡೆ ಹಸಿ ಆಲೂಗೆಡ್ಡೆಯ ಹಾಗೆ ಗಟ್ಟಿಯಾಗಿರುತ್ತದೆ. ಮೂಗಿನ ಹತ್ತಿರ ಹಿಡಿದರೆ ಮಣ್ಣಿನ ವಾಸನೆ ಬಿಟ್ಟು ಬೇರೇನೂ ಬರಬಾರದು. ಇಷ್ಟಾದರೂ ಅನುಮಾನ ಹೋಗದಿದ್ದರೆ, ಅಂಥವು ಮೂರ್ನಾಲ್ಕು ಇದ್ದಲ್ಲಿ, ಒಂದನ್ನು ಉದ್ದಕ್ಕೆ ಸೀಳಿ ನೋಡಿ. ಒಂದನ್ನು ಕಳೆದುಕೊಂಡು ಉಳಿದ ಮೂರನ್ನು ಉಳಿಸಿಕೊಳ್ಳುವ ಲೆಕ್ಕ ಇದು. ಒಂದು ಗೆಡ್ಡೆ ಸೀಳಿದ ಚಾಕುವನ್ನು ಹಾಗೇ ಇನ್ನೊಂದಕ್ಕೆ ಹಾಕಬೇಡಿ. ಸ್ಪಿರಿಟ್‌ನಲ್ಲಿ ಒರೆಸಿ, ಇಲ್ಲವೇ ಕುದಿವ ನೀರಿನಲ್ಲಿ ಅದ್ದಿ ತೆಗೆಯಿರಿ. 2020ರಲ್ಲಿ ಮನೆಮನೆಗೆ ಬಂದ ಸ್ಯಾನಿಟೈಸರ್ ಬಾಟಲಿ ಮೂಲೆಯಲ್ಲಿದ್ದರೆ ಅದೂ ಆದೀತು. ಚಾಕುವಿಂದ ಹಬ್ಬುವಷ್ಟು ಸಲೀಸಾಗಿ ಈ ರೋಗ ಮತ್ಯಾವುದರಿಂದಲೂ ಹಬ್ಬಲಾರದೇನೋ!

ನಾರುವ ಕೊಳೆ

ಒತ್ತಿದರೆ ಬೆರಳು ಒಳಗೇ ಇಳಿಯುತ್ತದೆ, ಬೆಣ್ಣೆಯಂಥ ಲೋಳೆ ಹೊರಗೆ ಬರುತ್ತದೆ, ವಾಸನೆಗೆ ಮುಖ ತಿರುಗಿಸಬೇಕು. ಹಾಗಿದ್ದರೆ ಅದು ಬ್ಯಾಕ್ಟೀರಿಯಾದಿಂದ ಬಂದ ಮೆದು ಕೊಳೆ. ಜಾಮ್ ಮಾಡುವವರಿಗೆ ಪೆಕ್ಟಿನ್ ಅಂದರೆ ಗೊತ್ತಿರುತ್ತದೆ. ಗಿಡದ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದೂ ಅದೇ. ಈ ಬ್ಯಾಕ್ಟೀರಿಯಾ ಆ ಅಂಟನ್ನೇ ಕರಗಿಸುತ್ತದೆ. ಹಾಗಾಗಿಯೇ ನಿನ್ನೆ ಗಟ್ಟಿಯಿದ್ದ ಗೆಡ್ಡೆ ನಾಳೆಗೆ ಗಂಜಿಯಾಗುತ್ತದೆ. ಡೇರೆ, ಕೆಲಾಡಿಯಂ, ಕಾಬಾಳೆ, ಅಮರಿಲ್ಲಿಸ್ ಯಾವುದನ್ನೂ ಬಿಡದು. ಸೆಕೆ ಮತ್ತು ಒದ್ದೆ ಒಟ್ಟಿಗೆ ಸೇರಿದಾಗ ಇದಕ್ಕೆ ಹಬ್ಬ. ಆದರೆ ಗಾಯವಿಲ್ಲದೆ ಒಳಗೆ ಹೋಗುವುದು ಇದಕ್ಕೆ ಸುಲಭವಲ್ಲ. ಗುದ್ದಲಿ ತಾಗಿದ ಗಾಯ, ಇಲಿ ಕಚ್ಚಿದ್ದು, ಹುಳ ಕೊರೆದದ್ದು ಹೀಗೆ ಏನಾದರೊಂದು ಬಾಗಿಲು ಬೇಕು.

ಇದಕ್ಕೆ ಔಷಧಿಯಿಲ್ಲ. ಶಿಲೀಂಧ್ರನಾಶಕ ಪುಡಿಗಳಿಂದ ಈ ಕೊಳೆ ವಾಸಿಯಾಗದು, ಅಂಗಡಿಯವರು ಏನೇ ಹೇಳಲಿ. ಈರುಳ್ಳಿ ಜಾತಿಯದಾದರೆ ಎಸೆಯಿರಿ. ಕೆಲಾಡಿಯಂನಂಥ ಗಟ್ಟಿ ಗೆಡ್ಡೆಯ ಒಂದು ಮೂಲೆ ಮಾತ್ರ ಮೆತ್ತಗಾಗಿದ್ದರೆ ಒಳ್ಳೆಯ ಬಿಳಿ ತಿರುಳು ಕಾಣುವವರೆಗೆ ಕೆತ್ತಿ, ಗಾಯಕ್ಕೆ ಬೂದಿ ಸವರಿ, ನೆರಳಿನಲ್ಲಿ ನಾಲ್ಕೈದು ದಿನ ಗಾಳಿಗೆ ಒಣಗಿಸಿ ನೋಡಬಹುದು. ಗಾಯ ಒಣಗಿ ಚಕ್ಕೆಗಟ್ಟಿದರೆ ಉಳಿಯಿತು. ಎಸೆದದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಕುಂಡದ ನೀರು ಪಕ್ಕದ ಕುಂಡಕ್ಕೆ ಹರಿಯದಂತೆಯೂ ನೋಡಿಕೊಳ್ಳಿ.

ಅರಿಶಿನ ಹಚ್ಚಿದರೆ ಆಗುತ್ತದೆಯೇ ಅಂತ ಬಹಳ ಜನ ಕೇಳುತ್ತಾರೆ. ಕೆತ್ತಿ ಚೊಕ್ಕಟ ಮಾಡಿದ ಗಾಯಕ್ಕೆ ಅರಿಶಿನವೋ ಬೂದಿಯೋ ಹಚ್ಚಿದರೆ ತಪ್ಪೇನಿಲ್ಲ, ಬೇಗ ಒಣಗಲು ನೆರವಾಗುತ್ತದೆ. ಕೊಳೆಯನ್ನು ಒಳಗೇ ಬಿಟ್ಟು ಮೇಲೆ ಅರಿಶಿನ ಬಳಿದರೆ ಅದು ಬರೀ ಶೃಂಗಾರವಾದೀತು.

ವಾಸನೆಯಿಲ್ಲದ ಕಳ್ಳ

ಗ್ಲ್ಯಾಡಿಯೋಲಸ್‌ಗೆ ಬರುವ ಒಣ ಕೊಳೆ ಇನ್ನೂ ಕಪಟಿ. ನಾರುವುದಿಲ್ಲ, ಲೋಳೆಯಾಗುವುದಿಲ್ಲ. ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೆಲಸ ಇದು. ಮೇಲೆ ನೋಡಿದರೆ ಹೊರಗಿನ ಎಲೆಯ ತುದಿ ಮೊದಲು ಹಳದಿಯಾಗಿ ಆಮೇಲೆ ಕಂದಾಗುತ್ತದೆ, ಗಿಡ ಸೊಟ್ಟಗೆ ಬಾಗುತ್ತದೆ, ಹೂಕಡ್ಡಿ ಬಂದರೂ ಬಡಕಲು. ಗೆಡ್ಡೆಯ ಸಿಪ್ಪೆ ಸುಲಿದು ನೋಡಿ. ಬುಡದ ಕಡೆ ಕಂದು, ಕೆಂಪುಮಿಶ್ರಿತ ಕಂದು ಮಚ್ಚೆಗಳು, ಕೆಲವೊಮ್ಮೆ ಒಂದರೊಳಗೊಂದು ಬಳೆ ಇಟ್ಟ ಹಾಗೆ. ಸೀಳಿದರೆ ಬುಡದಿಂದ ನಡುಭಾಗಕ್ಕೆ ಕಂದು ಎಳೆ ಹತ್ತಿರುವುದು ಕಾಣುತ್ತದೆ. ಕೊನೆಗೆ ಇಡೀ ಗೆಡ್ಡೆ ಒಣಗಿ, ಗಟ್ಟಿಯಾಗಿ, ಹಗುರಾಗಿ ಬಿಡುತ್ತದೆ.

ಕಪಟಿ ಅಂದದ್ದು ಯಾಕೆಂದರೆ, ಗೆಡ್ಡೆ ಕೊಳ್ಳುವಾಗ ಏನೂ ಕಾಣದೆ ಇರಬಹುದು. ರೋಗ ಒಳಗೆ ಸುಮ್ಮನೆ ಕೂತು, ನೆಟ್ಟ ಮೇಲೆ ಮಣ್ಣು ಬೆಚ್ಚಗಾದಾಗ ಎದ್ದು ಬರುತ್ತದೆ. ಎತ್ತಿಟ್ಟ ಗೆಡ್ಡೆಯಲ್ಲೂ ಮುಂದುವರಿಯುತ್ತದೆ. ಆದ್ದರಿಂದ ಕೊಳ್ಳುವಾಗ ಒಂದು ಉಪಾಯ: ಒಂದೇ ಗಾತ್ರದ ಎರಡು ಗೆಡ್ಡೆ ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿ. ತೆಂಗಿನಕಾಯಿ ಆರಿಸುವ ನಮಗೆ ಇದು ಯಾವ ಮಹಾ ವಿದ್ಯೆ! ಹಗುರಾದದ್ದನ್ನು ಬಿಡಿ. ಸಿಪ್ಪೆಯ ಅಂಚು ಸ್ವಲ್ಪ ಸರಿಸಿ ಬುಡ ನೋಡಿ. ಸುಲಿಯಬೇಡಿ ಅಂತ ಅಂಗಡಿಯವ ಗೊಣಗಿದರೆ ಗೊಣಗಲಿ.

ಬುಡದಲ್ಲಿ ಕಂದು ಎಳೆ ಹತ್ತಿದ ಗ್ಲ್ಯಾಡಿಯೋಲಸ್ ಗೆಡ್ಡೆಯನ್ನು ಕೆತ್ತಿ ಉಳಿಸುವ ಆಸೆ ಬಿಡುವುದೇ ಒಳ್ಳೆಯದು, ಕಣ್ಣಿಗೆ ಕಾಣುವುದಕ್ಕಿಂತ ಒಳಗೆ ಹೆಚ್ಚು ಹಬ್ಬಿರುತ್ತದೆ. ಅದನ್ನು ಸುಟ್ಟುಬಿಡಿ. ಪಕ್ಕದಲ್ಲಿದ್ದ, ನೋಡಲು ಚೆನ್ನಾಗಿರುವ ಗೆಡ್ಡೆಗಳನ್ನು ಉಳಿಸಲು ಯತ್ನಿಸಬಹುದು. ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಾಜಿಮ್ ಪುಡಿ ಕದಡಿ ಅರ್ಧ ಗಂಟೆ ನೆನೆಸಿ, ನೆರಳಿನಲ್ಲಿ ಆರಿಸಿ ನೆಡುವುದು ರೂಢಿಯಲ್ಲಿರುವ ಕ್ರಮ. ಇದು ಹೊರಗಿನಿಂದ ಅಂಟಿದ ರೋಗಕ್ಕೆ ತಡೆ, ಒಳಗೆ ಕೂತದ್ದಕ್ಕೆ ಮದ್ದಲ್ಲ. ಕೈಗೆ ಗವಸು ಇರಲಿ, ಬಕೆಟ್ಟು ಅದಕ್ಕೇ ಮೀಸಲಿರಲಿ, ಮಕ್ಕಳ ಕೈಗೆ ಪೊಟ್ಟಣ ಸಿಗದಿರಲಿ. ಅದೇ ಮಡಿಯಲ್ಲಿ ಮರುವರ್ಷ ಮತ್ತೆ ಗ್ಲ್ಯಾಡಿಯೋಲಸ್ ಬೇಡ. ನಾಲ್ಕು ವರ್ಷ ಚೆಂಡುಹೂವೋ ಸೇವಂತಿಗೆಯೋ ನೆಟ್ಟುಕೊಳ್ಳಿ. ಹಸಿ ಸಗಣಿ, ಕೈತುಂಬ ಯೂರಿಯಾ ಎರಡೂ ಈ ರೋಗಕ್ಕೆ ಔತಣ ಕೊಟ್ಟಂತೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಗ್ಲ್ಯಾಡಿಯೋಲಸ್ ತಳಿಗಳಲ್ಲಿ 'ಧೀರಜ್' ಈ ಫ್ಯುಸೇರಿಯಂ ರೋಗವನ್ನು ತಡೆದುಕೊಳ್ಳುವ ಗುಣದ್ದು. ಹಳೆಯ ಮಡಿಯಲ್ಲಿ ಮತ್ತೆ ಮತ್ತೆ ಸೋತವರು ಅದನ್ನು ವಿಚಾರಿಸಿ ನೋಡಬಹುದು.

ಸಾಸಿವೆ ಕಾಳು ಕಂಡರೆ ಜೋಕೆ

ಸುಗಂಧರಾಜದ ಬುಡ ಕೊಳೆಯುವುದು ಬೇರೆ ಬಗೆ. ಮೈಸೂರು, ತುಮಕೂರು, ಕೋಲಾರದ ಕಡೆ ನಾಲ್ಕಾರು ಗುಂಟೆಯಲ್ಲಿ ಸುಗಂಧರಾಜ ಹಾಕಿ, ಬೆಳಗಿನ ಜಾವ ಎದ್ದು ಮೊಗ್ಗು ಬಿಡಿಸಿ ಮಾರುಕಟ್ಟೆಗೆ ಕಳಿಸುವ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಇದು ಕುಂಡದ ಚೆಂದದ ಪ್ರಶ್ನೆಯಲ್ಲ, ವಾರದ ಸಂತೆಯ ದುಡ್ಡಿನ ಪ್ರಶ್ನೆ. ಒಮ್ಮೆ ನೆಟ್ಟ ಗೆಡ್ಡೆಯಿಂದ ಎರಡು ಮೂರು ವರ್ಷ ಹೂ ಕೊಯ್ಯುವ ಬೆಳೆ ಇದಾದ್ದರಿಂದ ಬುಡ ಕೊಳೆತರೆ ಆ ವರ್ಷದ್ದಷ್ಟೇ ಅಲ್ಲ, ಮುಂದಿನ ಆದಾಯವೂ ಹೋದಂತೆ.

ಎಲೆ ಮೊದಲು ತನ್ನ ಹಸಿರಿನ ಹೊಳಪು ಕಳೆದುಕೊಳ್ಳುತ್ತದೆ. ಆಮೇಲೆ ಜೋಲುತ್ತದೆ. ಹಿಡಿದು ಮೆಲ್ಲಗೆ ಎಳೆದರೆ ಯಾವ ತಕರಾರೂ ಇಲ್ಲದೆ ಕೈಗೆ ಬರುತ್ತದೆ. ಈಗ ಬಗ್ಗಿ ಮಣ್ಣಿನ ಮಟ್ಟದಲ್ಲಿ ನೋಡಿ. ಬುಡದ ಸುತ್ತ ಅರಳೆ ಎಳೆದು ಸುತ್ತಿದ ಹಾಗೆ ಬಿಳಿ ಎಳೆಗಳು. ಅದರ ನಡುವೆ ಸಣ್ಣ ಉಂಡೆಗಳು, ಮೊದಲು ಬಿಳಿ, ಬಲಿತ ಮೇಲೆ ಕಂದು, ಥೇಟ್ ಸಾಸಿವೆ ಕಾಳು! ಇದನ್ನು ಕಂಡರೆ ಬೇರೆ ಅನುಮಾನ ಬೇಕಿಲ್ಲ. ಇದು ಸ್ಕ್ಲೆರೋಶಿಯಂ. ಶೇಂಗಾ ಬೆಳೆಯುವ ಮನೆಯವರಿಗೆ ಇದರ ಗುರುತು ಸಿಕ್ಕೀತು, ಶೇಂಗಾದ ಬುಡ ಕೊಳೆಸುವುದೂ ಇದೇ ಶಿಲೀಂಧ್ರ. ಟೊಮೆಟೊವನ್ನೂ ಬಿಡದು. ಹಾಗಾಗಿ ಶೇಂಗಾ, ಟೊಮೆಟೊ ಬೆಳೆದು ಬುಡಕೊಳೆ ಕಂಡಿದ್ದ ಜಾಗಕ್ಕೆ ಸುಗಂಧರಾಜ ಹಾಕುವ ಮೊದಲು ಎರಡು ಸಲ ಯೋಚಿಸಿ.

ಆ 'ಸಾಸಿವೆ'ಯೇ ಈ ರೋಗದ ಬೀಜ ಅಂದುಕೊಳ್ಳಿ. ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಕೂತಿರುತ್ತದೆ. ಗಿಡ ಕಿತ್ತು ಎಸೆದು ಮಣ್ಣು ಅಲ್ಲೇ ಬಿಟ್ಟರೆ ಅರ್ಧ ಕೆಲಸವೂ ಆಗಲಿಲ್ಲ. ಬುಡದ ಸುತ್ತ ಒಂದು ಗೇಣು ಮಣ್ಣನ್ನು ಗಿಡದ ಸಮೇತ ಬಾಣಲೆಗೆ ತೆಗೆದು, ದಾರಿಯುದ್ದಕ್ಕೂ ಚೆಲ್ಲದಂತೆ ಒಯ್ದು ದೂರದಲ್ಲಿ ಆಳವಾಗಿ ಹೂತುಬಿಡಿ. ಈ ಶಿಲೀಂಧ್ರಕ್ಕೆ ಗಾಳಿ ಬೇಕು, ಮೇಲ್ಮಣ್ಣಿನಲ್ಲೇ ಅದರ ಆಟ. ಆಳಕ್ಕೆ ಹೋದದ್ದು ಉಸಿರುಗಟ್ಟಿ ನಶಿಸುತ್ತದೆ. ಉಳಿದ ಸಾಲಿನಲ್ಲಿ ಕಳೆ, ಉದುರಿದ ಎಲೆಗಳನ್ನು ತೆಗೆದು ಬುಡಕ್ಕೆ ಗಾಳಿ ಆಡುವಂತೆ ಮಾಡಿ. ಹಸಿ ಎಲೆಗಳನ್ನು ಬುಡಕ್ಕೇ ಮುಚ್ಚಿಗೆ ಹಾಕುವ ಅಭ್ಯಾಸ ಇಲ್ಲಿ ಬೇಡ.

ಇದಕ್ಕೆ ಎದುರಾಗಿ ನಿಲ್ಲುವ ಒಳ್ಳೆಯ ಶಿಲೀಂಧ್ರ ಒಂದಿದೆ, ಟ್ರೈಕೋಡರ್ಮಾ. ತೋಟಗಾರಿಕೆ ಇಲಾಖೆ, ಕೃಷಿ ವಿಜ್ಞಾನ ಕೇಂದ್ರ, ಗೊಬ್ಬರದ ಅಂಗಡಿಗಳಲ್ಲಿ ಪುಡಿಯಾಗಿ ಸಿಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 100 ಕಿಲೋಗೆ 1 ಕಿಲೋ ಪುಡಿ ಬೆರೆಸಿ, ಸ್ವಲ್ಪ ಬೇವಿನ ಹಿಂಡಿಯನ್ನೂ ಸೇರಿಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ ಹತ್ತು ಹದಿನೈದು ದಿನ ಇಟ್ಟರೆ ಗೊಬ್ಬರದ ತುಂಬ ಹಬ್ಬುತ್ತದೆ. ಕುಂಡದವರು ಇದೇ ಲೆಕ್ಕದಲ್ಲಿ 10 ಕಿಲೋ ಗೊಬ್ಬರಕ್ಕೆ 100 ಗ್ರಾಂ ಹಾಕಿಕೊಳ್ಳಿ. ಕೊಳ್ಳುವಾಗ ತಯಾರಾದ ದಿನಾಂಕ ನೋಡಿ, ಇದು ಜೀವ ಇರುವ ವಸ್ತು, ಅವಧಿ ಮೀರಿದರೆ ಬರೀ ಪುಡಿ. ಇನ್ನೊಂದು ಮಾತು. ಟ್ರೈಕೋಡರ್ಮಾ ಹಾಕಿದ ಜಾಗಕ್ಕೆ ಅದೇ ವಾರ ಶಿಲೀಂಧ್ರನಾಶಕ ಸುರಿಯಬೇಡಿ. ಅದಕ್ಕೆ ಒಳ್ಳೆಯವನು ಕೆಟ್ಟವನು ಎಂಬ ಭೇದವಿಲ್ಲ, ಇಬ್ಬರನ್ನೂ ಕೊಲ್ಲುತ್ತದೆ.

ಬಿಸಿಲನ್ನೂ ಕೆಲಸಕ್ಕೆ ಹಚ್ಚಬಹುದು. ಮಾರ್ಚ್‌ನಿಂದ ಮೇ ತಿಂಗಳೊಳಗೆ ಖಾಲಿ ಮಡಿಯನ್ನು ಹದವಾಗಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹಾಸಿ, ಅಂಚಿಗೆ ಮಣ್ಣು ಹೇರಿ ನಾಲ್ಕರಿಂದ ಆರು ವಾರ ಬಿಡಿ. ಒಳಗಿನ ಕಾವಿಗೆ ಮೇಲ್ಮಣ್ಣಿನ ರೋಗ ಬಹಳ ಮಟ್ಟಿಗೆ ಬೇಯುತ್ತದೆ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯೇ ಮೇಲು.

ಅಮರಿಲ್ಲಿಸ್‌ನ ಕೆಂಪು ಮಚ್ಚೆ

ಅಮರಿಲ್ಲಿಸ್ ಗೆಡ್ಡೆಯ ಮೇಲೆ, ಎಲೆಯ ಮೇಲೆ, ಹೂದಂಟಿನ ಮೇಲೆ ಕೆಂಪು ಗೀರು, ಮಚ್ಚೆ ಕಂಡು ಗಾಬರಿಯಾಗುವವರುಂಟು. ಅದೂ ಒಂದು ಶಿಲೀಂಧ್ರವೇ, ಆದರೆ ಕೊಳೆಯಷ್ಟು ಕ್ರೂರಿಯಲ್ಲ. ಮಚ್ಚೆ ಇರುವ ಹೊರಪದರ ಸುಲಿದು, ಎಲೆ ಕತ್ತರಿಸಿ, ತಲೆ ಮೇಲೆ ನೀರು ಹಾಕುವುದನ್ನು ನಿಲ್ಲಿಸಿದರೆ ಗೆಡ್ಡೆ ಗಟ್ಟಿಯಾಗಿರುವವರೆಗೆ ಭಯವಿಲ್ಲ. ಅಮರಿಲ್ಲಿಸ್ ನೆಡುವಾಗ ಗೆಡ್ಡೆಯ ಕತ್ತು ಮಣ್ಣಿನಿಂದ ಮೇಲಿರಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪೂರ್ತಿ ಹೂತರೆ ಕತ್ತಿನಲ್ಲಿ ನೀರು ನಿಂತು ಅಲ್ಲಿಂದಲೇ ಕೊಳೆ ಇಳಿಯುತ್ತದೆ. ಲಿಲ್ಲಿ ಜಾತಿಗೆ ಬರುವ ಕಪ್ಪು ಮೈಯ, ಬಣ್ಣದ ಚುಕ್ಕೆಯ ಹುಳುಗಳನ್ನು ಕಂಡಾಗಲೇ ಹೆಕ್ಕಿ ತೆಗೆಯಿರಿ. ಕೆಲವು ಎಲೆಯೊಳಗೇ ಕೊರೆದುಕೊಂಡು ಗೆಡ್ಡೆಯವರೆಗೂ ಇಳಿಯುತ್ತವೆ. ಆಮೇಲೆ ನಾರುವ ಕೊಳೆಗೆ ಬಾಗಿಲು ತೆರೆದಂತೆಯೇ.

ಅಟ್ಟದ ಮೇಲಿನ ಗೆಡ್ಡೆ

ನೆಲದಲ್ಲಿ ಚೆನ್ನಾಗಿದ್ದು, ಎತ್ತಿಟ್ಟಲ್ಲಿ ಹಾಳಾಗುವುದೂ ಉಂಟು. ಬೆಳ್ಳುಳ್ಳಿ ಎಸಳಿನ ಮೇಲೆ ನೀಲಿ ಹಸಿರು ಬೂಷ್ಟು ನೋಡಿದ್ದೀರಲ್ಲ, ಗ್ಲ್ಯಾಡಿಯೋಲಸ್ ಗೆಡ್ಡೆಯ ಮೇಲೂ ಅದೇ ಬಳಗದ ಬೂಷ್ಟು ಬರುತ್ತದೆ. ಕಾರಣ ಎರಡೇ, ಕೀಳುವಾಗ ಆದ ಗಾಯ, ಮತ್ತು ಸರಿಯಾಗಿ ಒಣಗಿಸದೆ ಕಟ್ಟಿಟ್ಟದ್ದು. ಎರಡು ಮೂರು ವಾರ ನೆರಳಿನಲ್ಲಿ ಹರವಿ ಒಣಗಿಸಿ, ಈರುಳ್ಳಿಯ ಬಲೆ ಚೀಲದಲ್ಲಿ ಗಾಳಿಯಾಡುವಲ್ಲಿ ತೂಗುಹಾಕಿದರೆ ಈ ತಾಪತ್ರಯ ಬಹಳ ಕಮ್ಮಿ. ಕೆಲಾಡಿಯಂ ಗೆಡ್ಡೆಯನ್ನು ಮಾತ್ರ ಫ್ರಿಜ್ಜಿನಲ್ಲಿ ಇಡಬೇಡಿ, ಚಳಿಗೆ ಕೆಟ್ಟುಹೋಗುತ್ತದೆ.

ಡೇರೆಯದು ಇನ್ನೂ ನಾಜೂಕು. ಅದಕ್ಕೆ ಎರಡು ಶತ್ರು. ಹೆಚ್ಚು ಒದ್ದೆಯಾದರೆ ಕೊಳೆ, ಹೆಚ್ಚು ಒಣಗಿದರೆ ಸುಕ್ಕು. ಇವೆರಡನ್ನು ಗುರುತಿಸಲು ಬರಬೇಕು. ಸುಕ್ಕಾದ ಗೆಡ್ಡೆ ಹಳೆಯ ಕ್ಯಾರೆಟ್ಟಿನ ಹಾಗೆ ಬಾಗುತ್ತದೆ, ಸೀಳಿದರೆ ಒಳಗೆ ಬಿಳಿಯಾಗಿಯೇ ಇರುತ್ತದೆ. ಅದಕ್ಕಿನ್ನೂ ಜೀವವಿದೆ, ಒಂಚೂರು ತೇವದ ಮರಳಿನಲ್ಲಿಟ್ಟರೆ ಚೇತರಿಸಿಕೊಂಡೀತು. ಕೊಳೆತದ್ದು ಒಳಗೆ ಕಂದಾಗಿ ನೀರು ಬಿಟ್ಟಿರುತ್ತದೆ ಅಥವಾ ಪೊಳ್ಳಾಗಿರುತ್ತದೆ. ಇನ್ನೊಂದು, ಡೇರೆಯ ಚಿಗುರು ಬರುವುದು ಗೆಡ್ಡೆಯ ಹೊಟ್ಟೆಯಿಂದಲ್ಲ, ಕಾಂಡಕ್ಕೆ ಸೇರುವ ಕತ್ತಿನ ಹತ್ತಿರದ ಕಣ್ಣಿನಿಂದ. ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಕತ್ತು ಕೊಳೆತರೆ, ಮುರಿದರೆ ಚಿಗುರದು. ಹಾಗೇ ಗೊಂಚಲಿನಲ್ಲಿ ಎರಡು ಗೆಡ್ಡೆ ಕೊಳೆತಿದ್ದರೂ ಕತ್ತು ಗಟ್ಟಿಯಿರುವ ಮೂರನೆಯದು ಸಾಕು ನಿಮ್ಮ ದೊಡ್ಡಮ್ಮನ ಬಿಳಿಯನ್ನು ಉಳಿಸಲಿಕ್ಕೆ. ಕೊಳೆತದ್ದನ್ನು ಕತ್ತಿನ ಕೆಳಗೆ ಕತ್ತರಿಸಿ, ಗಾಯ ಒಣಗಿಸಿ, ಉಳಿದದ್ದನ್ನು ಬೇರೆಯಾಗಿ ಇಡಿ.

ಬಿದಿರಿನ ಬುಟ್ಟಿಯಲ್ಲಿ ಒಣ ಮರಳೋ ಬೂದಿಯೋ ಹಾಕಿ, ಗೆಡ್ಡೆ ಒಂದಕ್ಕೊಂದು ತಾಗದಂತೆ ಇಡುವ ಹಳೆಯ ಪದ್ಧತಿ ಈಗಲೂ ಒಳ್ಳೆಯದೇ. ಬುಟ್ಟಿ ಅಟ್ಟದ ಮೇಲಿರಲಿ, ಒಲೆಯ ನೇರ ಮೇಲೆ ಬೇಡ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಯಲ್ಲಂತೂ ಬೇಡವೇ ಬೇಡ, ಒಳಗೆ ಬೆವರು ಹನಿದು ಒಂದು ಕೊಳೆತದ್ದು ಹತ್ತನ್ನು ಕೆಡಿಸುತ್ತದೆ. ಹದಿನೈದು ದಿನಕ್ಕೊಮ್ಮೆ, ಹಪ್ಪಳದ ಡಬ್ಬಿ ತೆಗೆದು ನೋಡುವ ಹಾಗೆ, ಬುಟ್ಟಿಯನ್ನೂ ಒಮ್ಮೆ ಕೈಯಾಡಿಸಿ.

ಮಲೆನಾಡಿನವರಿಗೆ ಒಂದು ಮಾತು. ಅಡಿಕೆ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಕೂಡಿಸಿ ಬೋರ್ಡೋ ಹೊಡೆಯುವುದು ನಿಮಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ ಆ ದಾರಿ ತೋರಿಸಿದವರು, 'ಕೊಳೆರೋಗ' ಎಂಬ ನಮ್ಮ ಪದವನ್ನೇ ಅವರು ತಮ್ಮ ಇಂಗ್ಲಿಷ್ ಬರಹದಲ್ಲೂ ಇಟ್ಟುಕೊಂಡರು. ಹಾಗಂತ ತೋಟಕ್ಕೆ ಹೊಡೆದು ಮಿಕ್ಕ ಬೋರ್ಡೋ ತಂದು ಡೇರೆ ಬುಡಕ್ಕೆ ಸುರಿದರೆ ಗೆಡ್ಡೆಯೊಳಗಿನ ಕೊಳೆ ವಾಸಿಯಾಗದು. ಅದು ಮೇಲ್ಮೈಯಲ್ಲಿ ಪದರ ಕಟ್ಟಿ ರೋಗ ಒಳಗೆ ಬರದಂತೆ ತಡೆಯುವ ಔಷಧಿ. ಅಡಿಕೆಯ ಕೊಳೆಗೂ ಡೇರೆ ಗೆಡ್ಡೆಯ ಕೊಳೆಗೂ ಹೆಸರಷ್ಟೇ ಒಂದು, ಕಾರಣ ಬೇರೆ.

ಕೊಡುವಾಗ, ತರುವಾಗ

ಗೆಡ್ಡೆ ಹಂಚಿಕೊಳ್ಳುವುದು ನಮ್ಮ ಹೆಂಗಸರ ದೊಡ್ಡ ಗುಣ. ಮದುವೆ ಮನೆಗೆ ಹೋದರೂ ಹಿತ್ತಿಲಿಗೆ ಒಂದು ಸುತ್ತು ಹೋಗಿ ಬರದೆ ನಮಗೆ ಊಟ ಸೇರದು! ಆದರೆ ರೋಗ ಊರಿಂದೂರಿಗೆ ಹೋಗುವುದೂ ಇದೇ ದಾರಿಯಲ್ಲಿ. ಗೆಡ್ಡೆ ಕೊಡುವಾಗ ಮಣ್ಣು ತೊಳೆದು, ಒಣಗಿಸಿ, ಕಾಗದದಲ್ಲಿ ಸುತ್ತಿ ಕೊಡಿ. ತಂದವರು ಅದನ್ನು ನೇರ ಅಂಗಳದ ಮಡಿಗೆ ಇಳಿಸದೆ ಒಂದು ಹಂಗಾಮು ಬೇರೆ ಕುಂಡದಲ್ಲಿ, ಉಳಿದವಕ್ಕಿಂತ ದೂರ ಇಟ್ಟು ನೋಡಿ. 'ನಮ್ಮಲ್ಲಿ ಈ ಸಲ ಗೆಡ್ಡೆ ಕೊಳೆತಿದೆ, ಈಗ ಬೇಡ, ಮುಂದಿನ ವರ್ಷ ಕೊಡುತ್ತೇನೆ' ಅಂತ ಹೇಳಿದರೆ ಯಾವ ಅತ್ತಿಗೆಯೂ ಬೇಸರ ಮಾಡಿಕೊಳ್ಳಲಾರಳು. ಅಪರೂಪದ ಬಣ್ಣವಿದ್ದರೆ ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಇಡುವ ಬದಲು, ಆರೋಗ್ಯವಾಗಿರುವಾಗಲೇ ಎರಡು ಗೆಡ್ಡೆ ನಂಬಿಕೆಯವರ ಮನೆಯಲ್ಲಿ ಬೆಳೆಯಲಿ. ನಿಮ್ಮಲ್ಲಿ ಹೋದರೂ ಅಲ್ಲಿಂದ ಮರಳಿ ತರಬಹುದು.

ಇಷ್ಟೆಲ್ಲ ನೋಡಿದ ಮೇಲೂ ಯಾವ ಕೊಳೆಯೆಂದು ತಿಳಿಯದಿದ್ದರೆ, ಅಥವಾ ಮಡಿಗೆ ಮಡಿಯೇ ಸಾಯುತ್ತಿದ್ದರೆ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಯ ಕಚೇರಿಗೋ ಮಾದರಿ ಒಯ್ದು ತೋರಿಸಿ. ಪೂರ್ತಿ ಕೊಳೆತು ಗಂಜಿಯಾದದ್ದನ್ನು ಒಯ್ದರೆ ಅವರಿಗೂ ಏನೂ ತಿಳಿಯದು. ಈಗಷ್ಟೇ ಬಾಡತೊಡಗಿದ ಗಿಡವನ್ನು ಎಲೆ, ಗೆಡ್ಡೆ, ಬೇರಿನ ಸಮೇತ ಎಬ್ಬಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಬುಡದ ಒಂದು ಹಿಡಿ ಮಣ್ಣನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ, ಅದೇ ದಿನ ತಲುಪುವಂತೆ ಬೆಳಿಗ್ಗೆಯೇ ಹೊರಡಿ.